ಮುರಿಯುವ ಮುನ್ನ

ಒಡೆಯುವುದಕ್ಕೆ ನನಗೆ ಸಂಬಳ.
ವಿರಾಕ್ ಬಂದರಿನ ಹಿಂದೆ, ತಗಡಿನ ಮಾಡಿನ ಕೆಳಗೆ
ದಿನಕ್ಕೆ ಹನ್ನೆರಡು ಪಟ್ಟಿ.
ಗೇಣುದ್ದ, ಎರಡು ಬೆರಳಗಲ.
ತುದಿಗಳನ್ನು ಯಂತ್ರದ ದವಡೆಗೆ ಕೊಟ್ಟು
ನಿಮಿಷಕ್ಕೆ ಎರಡು ಮಿಲಿಮೀಟರ್ ಎಳೆಯುತ್ತೇನೆ.
ಆತುರಪಟ್ಟರೆ ವಸ್ತು ಸುಳ್ಳು ಹೇಳುತ್ತದೆ.

ಪಟ್ಟಿಯ ಹೊಟ್ಟೆಯಲ್ಲಿ ಅಬಾಕಾ.
ಬಾಳೆಯ ದಾಯಾದಿ; ಹಣ್ಣು ಬಾಯಿಗಾಗದು,
ದಿಂಡಿನ ತುಂಬ ನಾರು.
ಬೆಟ್ಟದ ಮೇಲೆ ಮನಾಯ್ ಪುರಿತಾ
(ಈ ದ್ವೀಪದಲ್ಲಿ ಮನಾಯ್ ಎಂದರೆ ಅಕ್ಕ)
ಸೀಳಿದ ಪಟ್ಟೆಯನ್ನು ಹಲ್ಲುಕತ್ತಿಯಡಿ ಸಿಕ್ಕಿಸಿ,
ಕಾಲೂರಿ, ಸೊಂಟವನ್ನೇ ಹಿಂದಕ್ಕೆಸೆದು ಜಗ್ಗುತ್ತಾಳೆ.
ರಸ ಒಂದು ಕಡೆ, ತಿರುಳು ಒಂದು ಕಡೆ,
ಕೈಯಲ್ಲುಳಿದದ್ದು ಒಂದು ಹಿಡಿ ಹೊಳಪು.
ನನ್ನ ಯಂತ್ರಕ್ಕೆ ಮೊದಲಿನ ಪರೀಕ್ಷೆ ಅವಳದು.
ಅಲ್ಲಿ ತಾಳದ್ದು ಇಲ್ಲಿಗೆ ಬರುವುದೇ ಇಲ್ಲ.

ಹೊರಮೈ ಗಾಜು.
ಮನಿಲಾದಿಂದ ಉರುಳೆಯಾಗಿ ಬರುವ ಬಿಳಿ ಬಟ್ಟೆ,
ಮುಟ್ಟಿದರೆ ರಾತ್ರಿಯಿಡೀ ಮೊಣಕೈ ತುರಿಕೆ.
ಗಾಜಿಗೆ ನೀರಿನ ಹೆದರಿಕೆ ಕಡಿಮೆ, ತೂಕ ಹೆಚ್ಚು.
ಅಬಾಕಾ ಹಗುರ, ಆದರೆ ನೀರು ಕಂಡರೆ ಕುಡಿದು ಉಬ್ಬುವ ಜಾತಿ.
ಎತ್ತು ಏರಿಗೆ, ಕೋಣ ನೀರಿಗೆ.
ನೊಗವೆಂದರೆ ರಾಳ.

ದೋಣಿ ಕಟ್ಟುವ ಎಲಾದಿಯೊ
ನಾರನ್ನು ಕ್ಷಾರದಲ್ಲಿ ನೆನೆಸಿ ಮೇಣ ಕಳೆಯುತ್ತಾನೆ: ಅಂಟಬೇಕು.
ಅಚ್ಚಿನ ಮೈಗೆ ಮೇಣ ಸವರುತ್ತಾನೆ: ಅಂಟಬಾರದು.
ಗಾಜು, ನಾರು, ನಾರು, ಗಾಜು.
ಗಟ್ಟಿಕಾರಕ ಬಿದ್ದ ಮೇಲೆ ಇಪ್ಪತ್ತೇ ನಿಮಿಷ.
ಮಾತು ನಿಲ್ಲಿಸುತ್ತಾನೆ, ಸಿಗರೇಟು ಕಿವಿಯ ಮೇಲೇ ಉಳಿಯುತ್ತದೆ,
ರೋಲರ್ ಉರುಳಿಸಿ ಗುಳ್ಳೆಗಳನ್ನು ಅಂಚಿಗಟ್ಟುತ್ತಾನೆ,
ಕೂಸಿನ ಬೆನ್ನು ಸವರಿ ತೇಗು ತೆಗೆಸುವವರ ಹಾಗೆ.
ಕೈಯ ಡಬ್ಬಿ ತಾನೇ ಬಿಸಿಯಾಗುತ್ತ ಬರುತ್ತದೆ.
ಇಲ್ಲಿ ಹೂವಿಲ್ಲ, ನಾರಿಗೆ ಸ್ವರ್ಗದ ಆಸೆಯಿಲ್ಲ;
ಸಮುದ್ರ ಸಾಕು.

ಬರೀ ಗಾಜಿನ ಪಟ್ಟಿಯಾದರೆ
ಪರದೆಯ ಗೆರೆ ನೆಟ್ಟಗೆ ಏರುತ್ತದೆ, ಏರುತ್ತದೆ,
ಫಟ್.
ಕನ್ನಡಕದ ಮೇಲೆ ಪುಡಿ.
ಎರಡೂ ಸೇರಿದ್ದು ಅಷ್ಟೆತ್ತರ ಹೋಗುವುದಿಲ್ಲ,
ಒಪ್ಪುತ್ತೇನೆ, ಅಂಕಿಯಲ್ಲೇ ಇದೆ.
ಆದರೆ ಅರ್ಧದಾರಿಯಿಂದಲೇ ಗೊಣಗಲು ಶುರು.
ಟಿಕ್.
ಟಿಕ್ ಟಿಕ್.
ಒಳಗೆಲ್ಲೋ ಒಂದು ನಾರು ತನ್ನ ಗೂಡಿನಿಂದ ಜಾರಿತು,
ತನ್ನ ಹೊರೆಯನ್ನು ನೆರೆಯವಕ್ಕೆ ಹಂಚಿತು.
ನೇರ ಓಡಬೇಕಿದ್ದ ಬಿರುಕು
ನಾರಿಗೆ ಎಡವಿ ಪಕ್ಕಕ್ಕೆ ತಿರುಗಿ
ಪದರ ಪದರದ ಸಂದಿಯಲ್ಲಿ ದಾರಿ ಹುಡುಕುತ್ತ
ಹೊತ್ತು ಕಳೆಯಿತು.
ಕೊನೆಗೆ ಮುರಿದಾಗಲೂ ಎರಡು ತುಂಡಾಗದೆ
ನಾಲ್ಕಾರು ಎಳೆಗಳಲ್ಲಿ ನೇತಾಡುತ್ತದೆ.

ಹದಿನಾಲ್ಕನೆಯ ಪಟ್ಟಿಯ ಮುರಿದ ಮುಖವನ್ನು
ಸೂಕ್ಷ್ಮದರ್ಶಕದಡಿ ಇಟ್ಟೆ.
ಗಾಜು ಮೊಂಡು. ಅಬಾಕಾ ಕೆದರಿತ್ತು.
ನಡುವೆ ಮೂರನೆಯದೊಂದು ಎಳೆ,
ಸಪೂರ, ನರೆತದ್ದು.
ಪುರಿತಾಳ ತಲೆಯದೇ ಇರಬೇಕು; ಜಗ್ಗುವಾಗ ತುರುಬು ಬಿಚ್ಚಿಹೋಗುತ್ತದೆ.
ನಮೂನೆಯಲ್ಲಿ ನಾರಿಗೆ ಎರಡೇ ಕಾಲಂ.
‘ಹೊರವಸ್ತು’ ಎಂದು ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ.
ಹದಿನಾಲ್ಕರ ಅಂಕಿ
ಉಳಿದವುಗಳಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಎಲಾದಿಯೊ ಸಂಜೆ ವರದಿ ಕೇಳಲು ಬಂದ.
ಸಂಖ್ಯೆ ಅವನಿಗೆ ಬೇಡ.
‘ದೋಣಿ ತಾಳುತ್ತದೋ?’
ತಾಳುತ್ತದೆ ಅನ್ನಲಿಲ್ಲ; ಈ ದ್ವೀಪದಲ್ಲಿ ಬಿರುಗಾಳಿಗೆ
ಮನೆಯ ನೆಂಟನಷ್ಟೇ ಸಲುಗೆ.
‘ಮುರಿಯುವ ಮುನ್ನ ಹೇಳುತ್ತದೆ’ ಎಂದೆ,
ಕೊಂಚ ಹೆಮ್ಮೆಯಿಂದಲೇ.

ಅವನು ಕಿವಿಯಿಂದ ಸಿಗರೇಟು ತೆಗೆದು, ಹಚ್ಚದೆ,
‘ಇಂಜಿನ್ ಸದ್ದಿನಲ್ಲಿ ಕೇಳಿಸುತ್ತದಾ?’ ಎಂದ.

ಅದಕ್ಕೂ ನಮೂನೆಯಲ್ಲಿ ಕಾಲಂ ಇರಲಿಲ್ಲ.
ಮರುದಿನ ಅವನ ಹಳೆಯ ಡೀಸೆಲ್ ಇಂಜಿನನ್ನು
ಬಾಗಿಲ ಬಳಿಗೇ ಹೊರಿಸಿ ತಂದೆವು.
ಹದಿನೈದನೆಯ ಪಟ್ಟಿ ದವಡೆಯಲ್ಲಿದೆ.
ಹೊಗೆ, ನಡುಗುವ ತಗಡು, ಬೈಯುವ ಪಕ್ಕದ ಕಚೇರಿ.
ಅಂಗೈಯನ್ನು ಯಂತ್ರದ ಚೌಕಟ್ಟಿಗೆ ಒತ್ತಿ ನಿಂತಿದ್ದೇನೆ,
ಕಿವಿಗೆ ನಿಲುಕದ್ದು
ಕೈಗಾದರೂ ಬರುತ್ತದೋ ನೋಡೋಣವೆಂದು.